ಅಂಬಾರಿ ಹೊರುವ ಟ್ರಕ್ಕು

ಆ ಭಾನುವಾರ ನನ್ನ ಹೆಂಡತಿ ಒಂದು ಟ್ರೇಲರಿನ ಕೆಳಗೆ ಬಗ್ಗಿ ಚಕ್ರ ಎಣಿಸುತ್ತಿದ್ದಳು. ಜೂನ್ ತಿಂಗಳು, ಬಿಸಿಲು ಚೆನ್ನಾಗಿತ್ತು. ಅಮೆರಿಕದ ಪಾರ್ಸಿಪನಿ ಎಂಬ ಊರು ದಾಟಿ ಪಶ್ಚಿಮಕ್ಕೆ ಇನ್ನೂ ಮುಕ್ಕಾಲು ಗಂಟೆ ಹೋದರೆ ಸಿಗುವ ಒಂದು ಕುಂಬಳಕಾಯಿ ತೋಟದ ಅಂಚಿನಲ್ಲಿ ಆ ಟ್ರೇಲರ್ ನಿಂತಿತ್ತು. ಒಳಗೆ ಅಡುಗೆಮನೆ, ಮಂಚ, ಬಚ್ಚಲು ಎಲ್ಲ ಇರುವ, ಗಾಡಿಗೆ ಕಟ್ಟಿ ಎಳೆದುಕೊಂಡು ಊರೂರು ತಿರುಗಬಹುದಾದ ಮನೆ ಅದು. ಇಂಥದ್ದಕ್ಕೆ ಇಲ್ಲಿನವರು ಫಿಫ್ತ್ ವೀಲ್ ಎನ್ನುತ್ತಾರೆ, ಅಂದರೆ ಐದನೇ ಚಕ್ರ.

"ಹ್ವಾಯ್, ಇಲ್ಲ್ ಕಾಣಿ," ಎಂದಳು ಕೆಳಗಿನಿಂದಲೇ. "ನಾಲ್ಕೇ ಇತ್ತ್. ಐದ್ನೇದ್ ಎಲ್ಲಿತ್ತ್?"

ಮಾರಲು ನಿಂತವನು ಮನೆಗಳಿಗೆ ಮಾಡು ಹೊದೆಸುವ ಕೆಲಸದವನು. ಆ ವರ್ಷ ಮನೆ ಕಟ್ಟುವವರೇ ಇರಲಿಲ್ಲವಾದ್ದರಿಂದ ಇದ್ದಬದ್ದದ್ದನ್ನೆಲ್ಲ ಮಾರುತ್ತಿದ್ದ. ಐದನೇ ಚಕ್ರ ಎಂದರೆ ನಿಜವಾದ ಚಕ್ರವಲ್ಲ, ಟ್ರೇಲರಿನ ಉದ್ದ ಕತ್ತು ಬಂದು ಪಿಕಪ್ ಟ್ರಕ್ಕಿನ ಬೆನ್ನ ಮೇಲೆ ಕೂರುವ ಜಾಗದಲ್ಲಿ ಒಂದು ದುಂಡನೆಯ ಕಬ್ಬಿಣದ ತಟ್ಟೆ ಇರುತ್ತದೆ, ಅದಕ್ಕೇ ಆ ಹೆಸರು ಎಂದು ಅವನು ತಾಳ್ಮೆಯಿಂದ ವಿವರಿಸಿದ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, ಹೆಸರಿನಲ್ಲಿ ಐದು ಇದೆ, ಇಲ್ಲಿ ನಾಲ್ಕು ಇದೆ, ಆದ್ದರಿಂದ ಬೆಲೆ ಕಡಿಮೆ ಮಾಡು ಎಂದಳು. ಅವನು ನನ್ನ ಮುಖ ನೋಡಿದ. ನಾನು ಕುಂಬಳದ ಬಳ್ಳಿ ನೋಡಿದೆ. ಅವನು ಬೆಲೆ ಕಡಿಮೆ ಮಾಡಿದ. ಅವಳ ವಾದ ಒಪ್ಪಿ ಅಲ್ಲ, ಸುಸ್ತಾಗಿ. ಆ ಸುಸ್ತು ನನಗೆ ಇಪ್ಪತ್ತೆರಡು ವರ್ಷಗಳಿಂದ ಪರಿಚಯವಿತ್ತು.

ಒಳಗೆ ಹೋಗಿ ಅಡುಗೆ ಕಟ್ಟೆಯನ್ನು ಗೇಣಿನಲ್ಲಿ ಅಳೆದಳು. ಇಡ್ಲಿ ಹಿಟ್ಟು ರುಬ್ಬುವ ಗ್ರೈಂಡರ್ ಕೂರುತ್ತದೆ ಎಂದು ಖಾತ್ರಿಯಾಯಿತು. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಐದು ನಿಮಿಷ ಸುಮ್ಮನೆ ನಿಂತಿದ್ದು ಹೊರಬಂದಳು. ಮುಖದಲ್ಲಿ ಮದುವಣಗಿತ್ತಿಯ ಕಳೆ.

"ಸ್ವಂತ ಬಚ್ಚಲ್," ಎಂದಳು. "ಇನ್ನ್ ಎಲ್ಲಿಗ್ ಬೇಕಾರೂ ಹ್ವಾಪ."

ಅವಳ ಅಮೆರಿಕ ಪ್ರವಾಸವೆಲ್ಲ ಬಚ್ಚಲಿನ ಕಾರಣಕ್ಕೆ ಕೆಟ್ಟಿತ್ತು. ಹೆದ್ದಾರಿಯ ಪಕ್ಕದ ಶೌಚಾಲಯಕ್ಕೆ ಅವಳು ಹೋಗುವವಳಲ್ಲ. ಮೋಟೆಲಿನ ಬಚ್ಚಲಿಗೆ ಹೋದರೆ ಮೊದಲು ಅರ್ಧ ಗಂಟೆ ತಾನೇ ತೊಳೆಯುತ್ತಿದ್ದಳು. ನಯಾಗರಕ್ಕೆ ಹೋದಾಗ ಮೋಟೆಲಿನ ಕೋಣೆಯಲ್ಲಿ ಚಿತ್ರಾನ್ನಕ್ಕೆ ಒಗ್ಗರಣೆ ಹಾಕಿ, ಹೊಗೆಯ ಗಂಟೆ ಹೊಡೆದು, ಅಗ್ನಿಶಾಮಕದವರು ಕೊಡಲಿ ಹಿಡಿದು ಬಂದಿದ್ದರು. ಬಂದ ಇಬ್ಬರಿಗೂ ಅವಳು ಚಿತ್ರಾನ್ನ ಕೊಟ್ಟಳು. ಒಬ್ಬ ತಿಂದ. ನಾವು ಜಲಪಾತ ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಮ್ಯಾನೇಜರನ ಮುಖ ನೋಡಿದೆವು.

ಟ್ರೇಲರಿಗೆ ಇನ್ನೊಂದು ಕಾರಣವೂ ಇತ್ತು. ಅವಳು ಮ್ಯಾನ್‌ಹಟನ್‌ನಲ್ಲಿ ಒಂದು ಬ್ಯಾಂಕಿನ ಹಿಂಭಾಗದ ಕಚೇರಿಯಲ್ಲಿ ಕೆಲಸಕ್ಕಿದ್ದಳು. ಬ್ಯಾಂಕುಗಳು ಒಂದಾದ ಮೇಲೊಂದು ಮುಗ್ಗರಿಸುತ್ತಿದ್ದ ಕಾಲ. ಅವಳ ಮಹಡಿಯಲ್ಲಿ ವಾರಕ್ಕೆ ಇಬ್ಬರು ಮೂವರು ರಟ್ಟಿನ ಡಬ್ಬಿ ಹಿಡಿದು ಮನೆಗೆ ಹೋಗುತ್ತಿದ್ದರು. ಹೋಗುವವರು ಫೋಟೋ ಒಯ್ಯುತ್ತಿದ್ದರು, ಕಾಫಿ ಕಪ್ಪು ಒಯ್ಯುತ್ತಿದ್ದರು, ಹೂಕುಂಡ ಮಾತ್ರ ಬಿಟ್ಟು ಹೋಗುತ್ತಿದ್ದರು. ಅವನ್ನು ಇವಳು ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಫ್ಲೋರಲ್ ಪಾರ್ಕಿನ ನಮ್ಮ ಮನೆಗೆ ತರುತ್ತಿದ್ದಳು. ಆ ಜೂನಿನ ಹೊತ್ತಿಗೆ ಹನ್ನೊಂದು ಗಿಡಗಳಾಗಿದ್ದವು. ಸಾಲ ವಿಭಾಗದ ರಬ್ಬರ್ ಗಿಡ, ಲೆಕ್ಕ ತಪಾಸಣೆಯ ಕಳ್ಳಿ, ಮೇಲಿನ ಸಾಹೇಬರ ಬಿದಿರು ಎಂದು ಅವುಗಳನ್ನು ವಿಭಾಗದ ಹೆಸರಿನಿಂದಲೇ ಕರೆಯುತ್ತಿದ್ದಳು. ತನ್ನ ಸರದಿ ಬಂದ ಮರುದಿನವೇ ಹೊರಟುಬಿಡುವುದು, ಒಂದು ವರ್ಷ ಟ್ರೇಲರಿನಲ್ಲಿ ದೇಶ ನೋಡುವುದು ಎಂಬುದು ಅವಳ ಯೋಜನೆ. ನಾನು ಹಿಲ್‌ಸೈಡ್ ಅವೆನ್ಯೂದ ಒಂದು ಹೋಟೆಲಿನಲ್ಲಿ ಅಡುಗೆಯವನು. ನನ್ನ ಕೆಲಸದ ಬಗ್ಗೆ ಕೇಳಿದರೆ, ಸೌಟು ಹಿಡಿದವನಿಗೆ ಎಲ್ಲಿ ಹೋದರೂ ಕೆಲಸ ಸಿಗುತ್ತದೆ ಎಂದಿದ್ದಳು.

ಹಣ ಕೊಟ್ಟು, ಟ್ರೇಲರನ್ನು ಸದ್ಯಕ್ಕೆ ಅಲ್ಲೇ ಬಿಟ್ಟು ವಾಪಸು ಬರುವಾಗ ಕಾರಿನಲ್ಲಿ ನಾನು ಮೆಲ್ಲನೆ ಕೇಳಿದೆ, "ಅದನ್ನ್ ಎಳೂದ್ ಯಾವುದ್ರಗೆ?"

"ಅದ್ ನೀವ್ ಕಾಣಿ. ಎಲ್ಲ ನಾನೇ ಕಾಣ್ಕಾ?"

ಹಾಗೆಂದು ಒಂದು ಹಳೆಯ ಲಕೋಟೆಯ ಹಿಂದೆ, ಟ್ರೇಲರಿಗೆ ತುಂಬಬೇಕಾದ ಸಾಮಾನಿನ ಪಟ್ಟಿ ಬರೆಯತೊಡಗಿದಳು. ಮನೆ ತಲಪಿದಾಗ ಲಕೋಟೆಯ ಎರಡೂ ಬದಿ ತುಂಬಿತ್ತು. ಅಂದು ಸಂಜೆ ಗಂಜಿ, ಉಪ್ಪಿನಕಾಯಿ, ಹುರಿದ ಹಪ್ಪಳ. ಮರುದಿನ ಬೆಳಿಗ್ಗೆ ಎಂದಿನಂತೆ ರೈಲು ಹತ್ತಿದಳು. ಮಧ್ಯಾಹ್ನಕ್ಕೆ ಮೊದಲು ಕಚೇರಿಯಲ್ಲಿ ತಲೆನೋವು ಎಂದು ಕುಳಿತಳಂತೆ. ಮೆದುಳಿನಲ್ಲಿ ಒಂದು ರಕ್ತನಾಳ ಒಡೆದಿತ್ತು. ನಾನು ಆಸ್ಪತ್ರೆ ತಲಪುವ ಮೊದಲೇ ಎಲ್ಲ ಮುಗಿದಿತ್ತು.

ಜುಲೈ ಕೊನೆಯಲ್ಲಿ ಕುಂಬಳಕಾಯಿ ತೋಟದ ಒಡತಿ ಫೋನ್ ಮಾಡಿದಳು. ಟ್ರೇಲರ್ ಮಾರಿದವನ ಅತ್ತೆ ಅವಳು, ಎಪ್ಪತ್ತು ದಾಟಿದವಳು. ವಿಷಯ ಗೊತ್ತಾಗಿ ತುಂಬ ಬೇಸರವಾಯಿತು ಎಂದಳು. ಹಾಗೆಯೇ ಮುಂದುವರಿದು, ಅಕ್ಟೋಬರಿನಲ್ಲಿ ಕುಂಬಳಕಾಯಿ ಕೊಳ್ಳಲು ಜನ ಬರುತ್ತಾರೆ, ಟ್ರೇಲರ್ ನಿಂತ ಜಾಗದಲ್ಲಿ ಅವರ ಕಾರು ನಿಲ್ಲಬೇಕು, ಸೆಪ್ಟೆಂಬರ್ ಮುಗಿಯುವುದರೊಳಗೆ ಅದನ್ನು ಒಯ್ಯದಿದ್ದರೆ ಗುಜರಿಯವನನ್ನು ಕರೆಯಬೇಕಾಗುತ್ತದೆ ಎಂದಳು. ಸಂತಾಪ ಮತ್ತು ಕುಂಬಳಕಾಯಿ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದಕ್ಕೆ ಆಮೇಲೆ ಅವಳೇ ಕ್ಷಮೆ ಕೇಳಿದಳು.

"ಜಸ್ಟ್ ಲೆಟ್ ಇಟ್ ಗೋ, ಅಪ್ಪ," ಎಂದಳು ಮಗಳು. ಅವಳಿಗೆ ಆಗ ಹತ್ತೊಂಬತ್ತು, ಕಾಲೇಜಿನ ರಜೆಯಲ್ಲಿ ಮನೆಯಲ್ಲಿದ್ದಳು. ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರಿಸುವುದು ನಮ್ಮ ಮನೆಯ ಪದ್ಧತಿ.

ಬಿಡುವುದಿಲ್ಲ ಎಂದೆ. ಏಕೆಂದು ಕೇಳಿದಳು. ಆಸ್ಪತ್ರೆಯವರು ಕೊಟ್ಟಿದ್ದ ಹೆಂಡತಿಯ ಕೈಚೀಲವನ್ನು ಅಂದು ಮೊದಲ ಸಲ ತೆರೆದೆ. ಲಕೋಟೆ ಅದರಲ್ಲೇ ಇತ್ತು. ಪಟ್ಟಿಯಲ್ಲಿ ಕುಕ್ಕರ್ ದೊಡ್ಡದು, ಕುಕ್ಕರ್ ಸಣ್ಣದು, ಗ್ರೈಂಡರ್, ತೆಂಗಿನಕಾಯಿ ತುರಿಯುವ ಮಣೆ, ಕುಚಲಕ್ಕಿ ಎರಡು ಮೂಟೆ, ಉಪ್ಪಿನಕಾಯಿ ಭರಣಿ ನಾಲ್ಕು, ದೇವರ ಪೆಟ್ಟಿಗೆ, ಚೊಂಬು ಎರಡು, ಸಣ್ಣ ಕಲ್ಲಿನ ಒರಳು ಎಂದೆಲ್ಲ ಇತ್ತು. ಗ್ರೈಂಡರ್ ಇದ್ದೂ ಒರಳು ಏಕೆ ಎಂದರೆ, ಕಾಡಿನಲ್ಲಿ ಕರೆಂಟ್ ಹೋದರೆ ಎಂದು ಪಕ್ಕದಲ್ಲೇ ಬರೆದಿದ್ದಳು. ಕೊನೆಯ ಸಾಲು, 'ಗಿಡಗಳು, ಎಲ್ಲ'.

ನಾನು ಹತ್ತನೇ ಕ್ಲಾಸಿನವರೆಗೆ ಓದಿದವನು, ಹೆಚ್ಚು ಮಾತನಾಡುವವನಲ್ಲ. ಅದುವರೆಗೆ ಏನನ್ನೂ ಆರಿಸಿದವನೂ ಅಲ್ಲ. ನನ್ನ ಅಂಗಿ, ಚಪ್ಪಲಿ, ಕನ್ನಡಕದ ಫ್ರೇಮು, ನಾನು ಇರುವ ದೇಶ, ಎಲ್ಲ ಅವಳ ಆಯ್ಕೆ. ನನಗೆ ಆರಿಸಲು ಬಿಟ್ಟಿದ್ದು ಒಂದೇ, ಈ ಗಾಡಿ. ಪಟ್ಟಿಯಲ್ಲಿ ಒಂದನ್ನೂ ಹೊಡೆದುಹಾಕದೆ, ಎಲ್ಲವನ್ನೂ ತುಂಬಿಕೊಂಡು ಆ ಟ್ರೇಲರ್ ಎಳೆಯುವ ಟ್ರಕ್ಕನ್ನು ಎರಡು ತಿಂಗಳಲ್ಲಿ ಆರಿಸಬೇಕು. ಅಷ್ಟನ್ನಾದರೂ ಮಾಡಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಪಾರ್ಸಿಪನಿಯ ಹತ್ತಿರ ಹಳೆಯ ಕಾರು ಮಾರುವ ಅಂಗಡಿ ಇಟ್ಟಿದ್ದ ಮೈಸೂರಿನ ಭಾಯಿ ನಮಗೆ ಬಹಳ ವರ್ಷದ ಸ್ನೇಹಿತ. ಊರಿನಿಂದ ಹೊಸದಾಗಿ ಬಂದ ಕಂಪ್ಯೂಟರ್ ಹುಡುಗರಿಗೆಲ್ಲ ಮೊದಲ ಕಾರು ಕೊಡಿಸಿದವನು ಅವನು. ಟ್ರಕ್ಕಿನ ಬಗ್ಗೆ ಅವನಿಗೆ ಗೊತ್ತಿದ್ದದ್ದು ನನಗಿಂತ ಎರಡೇ ಅಂಗುಲ ಹೆಚ್ಚು. ಆದರೆ ಅದನ್ನು ಅವನು ಎರಡು ಮಾರಿನಷ್ಟು ಮಾಡಿ ಹೇಳಬಲ್ಲ.

"ಅಣ್ಣಾ, ಇದ್ ನೋಡಿ," ಎಂದು ಒಂದು ಕೆಂಪು ಪಿಕಪ್ಪಿನ ಬಾನೆಟ್ ಸವರಿದ. "ಆನೆ ಇದು, ಆನೆ. ದಸರಾ ಆನೆ. ಲೆದರ್ ಸೀಟು. ಕುಂಡಿ ಬೆಚ್ಚಗಾಗೋ ಸ್ವಿಚ್ ಬೇರೆ ಐತೆ."

"ಎಳೆಯುತ್ತದೆಯಾ?"

"ಎಳೆಯೋದಾ? ಈ ಬ್ರೋಚರ್ ಓದಿ. ನಿಮ್ ಟ್ರೇಲರ್ ಖಾಲಿ ತೂಕ ಎಷ್ಟು? ಅದಕ್ಕಿಂತ ಸಾವಿರ ಪೌಂಡ್ ಜಾಸ್ತಿ ಎಳೀತದೆ. ಮಾತೇ ಇಲ್ಲ."

ನಾನು ಅಡುಗೆಯವನು, ಕಣ್ಣಳತೆಯವನು. ಇನ್ನೂರು ಜನರ ಸಾಂಬಾರಿಗೆ ಉಪ್ಪನ್ನು ಕೈಯಲ್ಲೇ ಅಂದಾಜು ಮಾಡುವವನಿಗೆ ಒಂದು ಟ್ರಕ್ಕನ್ನು ಅಂದಾಜು ಮಾಡುವುದು ಕಷ್ಟವಲ್ಲ ಎನಿಸಿತು. ನೋಡಲು ದೊಡ್ಡದಾಗಿತ್ತು. ಬಾಗಿಲು ಹಾಕಿದರೆ ದಪ್ಪ ಸದ್ದು ಬರುತ್ತಿತ್ತು. ಟೈರಿಗೆ ಒಂದು ಸಲ ಒದ್ದೆ. ಟೈರಿಗೆ ಏಕೆ ಒದೆಯುತ್ತಾರೆ ಎಂದು ನನಗೆ ಗೊತ್ತಿಲ್ಲ, ಆದರೆ ಎಲ್ಲರೂ ಒದೆಯುತ್ತಾರೆ. ಟೈರು ಏನೂ ಹೇಳಲಿಲ್ಲ. ಭಾಯಿ ಅದರ ಬೆನ್ನಿಗೆ ಆ ಕಬ್ಬಿಣದ ತಟ್ಟೆ ಕೂರಿಸಿ ಕೊಟ್ಟ, ಕೊಳ್ಳುವ ಮೊದಲು ಒಂದು ಸಲ ಎಳೆದು ನೋಡೋಣ ಎಂದು.

ಆಗಸ್ಟಿನ ಒಂದು ಶನಿವಾರ ಮೂವರೂ ತೋಟಕ್ಕೆ ಹೋದೆವು. ಟ್ರೇಲರಿನೊಳಗೆ ಹುರುಪಿನಿಂದ ಎರಡು ಮೂಟೆ ಅಕ್ಕಿ, ಗ್ರೈಂಡರ್, ಒರಳು, ಭರಣಿಗಳನ್ನು ಇಟ್ಟಿದ್ದೆ. ಎಲ್ಲವನ್ನೂ ಮುಂದಿನ ಕೋಣೆಯಲ್ಲೇ ಇಟ್ಟಿದ್ದೆ, ತೆಗೆಯಲು ಸುಲಭ ಎಂದು. ಭಾಯಿ ಟ್ರಕ್ಕನ್ನು ಹಿಂದಕ್ಕೆ ತಂದ. ಟ್ರೇಲರಿನ ಕತ್ತು ಮೆಲ್ಲಗೆ ಇಳಿದು ಟ್ರಕ್ಕಿನ ಬೆನ್ನ ಮೇಲೆ ಕುಳಿತಿತು. ಟ್ರಕ್ಕೂ ಕುಳಿತಿತು. ಹಟ ಹಿಡಿದ ಎಮ್ಮೆಯಂತೆ ಹಿಂಭಾಗವನ್ನು ನೆಲಕ್ಕೆ ಊರಿ, ಮೂತಿಯನ್ನು ಆಕಾಶಕ್ಕೆ ಎತ್ತಿತು. ಒಳಗೆ ಕುಳಿತಿದ್ದ ಭಾಯಿಗೆ ರಸ್ತೆ ಕಾಣುತ್ತಿರಲಿಲ್ಲ.

"ಅಣ್ಣಾ, ನಂಗೆ ಬರೀ ಮೋಡ ಕಾಣ್ತಾ ಐತೆ!" ಎಂದು ಕಿಟಕಿಯಿಂದ ಕೂಗಿದ.

"ಅಂಕಲ್, ಪ್ಲೀಸ್ ಡೋಂಟ್ ಡ್ರೈವ್," ಎಂದಳು ಮಗಳು.

"ಡ್ರೈವ್ ಎಲ್ಲಿಂದ ಮಾಡ್ಲಮ್ಮಾ, ಟೇಕಾಫ್ ಮಾಡಬೌದು ಅಷ್ಟೇ."

ತೋಟದ ಒಡತಿ ರಬ್ಬರ್ ಬೂಟು ಹಾಕಿಕೊಂಡು ಮನೆಯಿಂದ ಬಂದಳು. ನಕ್ಕಳು. ತುಂಬ ಹೊತ್ತು ನಕ್ಕು, ಬೇಲಿಯ ಗೂಟ ಹಿಡಿದುಕೊಂಡು ಮತ್ತೆ ನಕ್ಕಳು. ಆಮೇಲೆ ಟ್ರಕ್ಕಿನ ಬಾಗಿಲು ತೆರೆದು, ಬಾಗಿಲ ಚೌಕಟ್ಟಿಗೆ ಅಂಟಿಸಿದ್ದ ಒಂದು ಸಣ್ಣ ಹಳದಿ ಚೀಟಿಯನ್ನು ತೋರಿಸಿದಳು. ಈ ಗಾಡಿಯ ಮೇಲೆ ಬೀಳುವ ಜನ ಮತ್ತು ಸಾಮಾನಿನ ಒಟ್ಟು ತೂಕ ಇಷ್ಟನ್ನು ಮೀರಬಾರದು ಎಂದು ಅದರಲ್ಲಿತ್ತು. ಎಷ್ಟು ಎಳೆಯುತ್ತದೆ ಎಂದು ಬ್ರೋಚರಿನಲ್ಲಿ ದೊಡ್ಡದಾಗಿ ಹಾಕುತ್ತಾರೆ, ಎಷ್ಟು ಹೊರುತ್ತದೆ ಎಂದು ಇಲ್ಲಿ ಸಣ್ಣದಾಗಿ ಹಾಕುತ್ತಾರೆ, ಇಂಥ ಟ್ರೇಲರ್ ತನ್ನ ಭಾರದ ಒಂದು ಪಾಲನ್ನು ಟ್ರಕ್ಕಿನ ಬೆನ್ನಿಗೇ ಹಾಕುತ್ತದೆ, ಅದಕ್ಕೇ ಈ ಚೀಟಿಯನ್ನೇ ಓದಬೇಕು ಎಂದಳು. ತನ್ನ ಗಂಡನೂ ಓದಿರಲಿಲ್ಲ ಎಂದೂ ಸೇರಿಸಿದಳು.

ಭಾಯಿ ಗಡ್ಡ ಕೆರೆದುಕೊಂಡ. ಆಮೇಲೆ ಈ ಸತ್ಯವನ್ನು ತಾನೇ ಕಂಡುಹಿಡಿದವನಂತೆ ನನಗೆ ತಿಳಿಸಿದ. "ನೋಡಿ ಅಣ್ಣಾ, ಮರದ್ ದಿಮ್ಮಿ ಎಳಿಯೋ ಆನೆ ಬೇರೆ, ಅಂಬಾರಿ ಹೊರೋ ಆನೆ ಬೇರೆ. ದಿಮ್ಮಿ ಎಳಿಯೋದು ತಂದು ಅಂಬಾರಿ ಕಟ್ಟುದ್ರೆ ಹಿಂಗೇ ಕೂತ್ಕತದೆ. ನಾನ್ ಮೊದ್ಲೇ ಅಂದ್ಕೊಂಡಿದ್ದೆ."

"ಯು ಸೆಡ್ ಮಾತೇ ಇಲ್ಲ," ಎಂದಳು ಮಗಳು.

"ಅದು ಮಾರೋವಾಗ ಹೇಳೋ ಮಾತಮ್ಮ."

ಅಂಬಾರಿಯ ತೂಕ ಗೊತ್ತಾಗದೆ ಆನೆ ಆರಿಸುವಂತಿಲ್ಲ. ಆದ್ದರಿಂದ ಟ್ರೇಲರಿನಲ್ಲಿಟ್ಟದ್ದನ್ನೆಲ್ಲ ವಾಪಸು ಮನೆಗೆ ತಂದು ತೂಕ ಹಾಕುವ ಕೆಲಸ ಹಿಡಿದೆವು. ನಮ್ಮಲ್ಲಿದ್ದದ್ದು ಬಚ್ಚಲಿನ ತಕ್ಕಡಿ ಒಂದೇ, ಮನುಷ್ಯರು ಹತ್ತಿ ನಿಲ್ಲುವಂಥದ್ದು. ಭರಣಿ ಅದರ ಮೇಲಿಟ್ಟರೆ ಮುಳ್ಳು ಕಾಣುವುದಿಲ್ಲ. ಹಾಗಾಗಿ ನಾನು ವಸ್ತುವನ್ನು ಎತ್ತಿಕೊಂಡು ತಕ್ಕಡಿ ಹತ್ತುವುದು, ಮಗಳು ನೆಲದ ಮೇಲೆ ಮಲಗಿ ಮುಳ್ಳು ಓದುವುದು, ನನ್ನ ತೂಕ ಕಳೆಯುವುದು ಎಂದು ಗೊತ್ತುಮಾಡಿದೆವು. ಒಂದು ವಾರ ಹೀಗೆ ನಡೆಯಿತು. ವಾರದ ನಡುವೆ ದೊಡ್ಡ ಕುಕ್ಕರ್ ಇದ್ದಕ್ಕಿದ್ದಂತೆ ನಾಲ್ಕು ಪೌಂಡ್ ಹೆಚ್ಚು ತೂಗಿತು. ಯೋಚಿಸಿದರೆ, ಹೆಚ್ಚಾದದ್ದು ಕುಕ್ಕರ್ ಅಲ್ಲ, ನಾನು. ಪರಿಚಯದವರೆಲ್ಲ ದುಃಖದ ಮನೆ ಎಂದು ಊಟ ತಂದು ಕೊಡುತ್ತಿದ್ದರು, ಬೇಡ ಎನ್ನಲು ನನಗೆ ಬರುತ್ತಿರಲಿಲ್ಲ. ಒಂದೇ ದಿನ ಮೂರು ಮನೆಯ ಬಿಸಿಬೇಳೆಬಾತ್ ತಿಂದಿದ್ದೆ. ಅಲ್ಲಿಂದ ಮುಂದೆ ದಿನವೂ ಮೊದಲು ನನ್ನನ್ನು ತೂಗಿ, ಆಮೇಲೆ ಸಾಮಾನು ತೂಗಿದೆವು.

ಸಾಲ ವಿಭಾಗದ ರಬ್ಬರ್ ಗಿಡ ನನ್ನಷ್ಟೇ ಎತ್ತರವಿತ್ತು. ಅದನ್ನು ತಬ್ಬಿಕೊಂಡು ತಕ್ಕಡಿಯ ಮೇಲೆ ನಿಂತಾಗ ನನಗೆ ಏನೂ ಕಾಣುತ್ತಿರಲಿಲ್ಲ. ಕೆಳಗಿನಿಂದ ಮಗಳ ದನಿ ಬಂತು.

"ಅಪ್ಪಾ, ಹೂ ಟೇಕ್ಸ್ ಎ ರಬ್ಬರ್ ಪ್ಲಾಂಟ್ ಕ್ಯಾಂಪಿಂಗ್?"

"ನಿನ್ನ ಅಮ್ಮ."

"ಜಸ್ಟ್ ಕ್ರಾಸ್ ಔಟ್ ದ ಪ್ಲಾಂಟ್ಸ್. ಆ್ಯಂಡ್ ದ ಒರಳು. ದೆನ್ ದ ರೆಡ್ ಟ್ರಕ್ ಈಸ್ ಆಲ್ಮೋಸ್ಟ್ ಓಕೆ."

"ಯಾವುದನ್ನೂ ಹೊಡೆದುಹಾಕುವುದಿಲ್ಲ."

"ವೈ?"

ಎಲೆಗಳ ನಡುವಿನಿಂದ, "ಗಿಡ ಭಾರವಾಗ್ತಾ ಉಂಟು, ಬೇಗ ಓದು," ಎಂದೆ. ಅವಳು ಓದಿದಳು. ಓದಿ ನೆಲದ ಮೇಲೆಯೇ ಮಲಗಿದ್ದಳು. ಸ್ವಲ್ಪ ಹೊತ್ತಿನ ಮೇಲೆ, ಒರಳಿನ ಗುಂಡುಕಲ್ಲನ್ನು ಬೇರೆ ತೂಗಬೇಕಾ, ಒಟ್ಟಿಗೇ ತೂಗಬೇಕಾ ಎಂದು ಕೇಳಿದಳು. ಅದನ್ನು ಕನ್ನಡದಲ್ಲಿ ಕೇಳಿದಳು. ಒಟ್ಟಿಗೇ ಎಂದೆ. ಪಟ್ಟಿಯಿಂದ ಏನನ್ನಾದರೂ ಹೊಡೆದುಹಾಕುವ ಮಾತು ಮತ್ತೆ ಅವಳು ಎತ್ತಲಿಲ್ಲ.

ಸಾಮಾನಿನ ತೂಕ ಬರೆದ ಕಾಗದ ತುಂಬಿದ ಮೇಲೆ ಜನರ ತೂಕ ಉಳಿಯಿತು. ಹಳದಿ ಚೀಟಿಯಲ್ಲಿ ಜನ ಎಂದೂ ಇತ್ತಲ್ಲ. ಮಗಳು ನನ್ನನ್ನು ಗೋಡೆಯ ಕಡೆ ತಿರುಗಿ ನಿಲ್ಲಿಸಿ ತಕ್ಕಡಿ ಹತ್ತಿದಳು. ಅಂಕಿಯನ್ನು ಪಿಸುಗುಟ್ಟಿ, ಇದನ್ನು ಭಾಯಿ ಅಂಕಲ್‌ಗೆ ತೋರಿಸಿದರೆ ತಾನು ಮನೆ ಬಿಟ್ಟು ಹೋಗುತ್ತೇನೆ ಎಂದಳು. ಆದ್ದರಿಂದ ಜನರ ತೂಕವನ್ನು ಬೇರೆ ಚೀಟಿಯಲ್ಲಿ ಬರೆದು, ಮಡಚಿ, ಅಂಗಿಯ ಜೇಬಿನಲ್ಲಿಟ್ಟುಕೊಂಡೆ. ಜನ, ಸಾಮಾನು ಎಲ್ಲ ಸೇರಿದ ಮೊತ್ತವನ್ನು ಮಾತ್ರ ಭಾಯಿಗೆ ಫೋನಿನಲ್ಲಿ ಹೇಳಿದೆ.

"ಅಣ್ಣಾ, ನೀವ್ ಟ್ರಿಪ್ ಹೋಗ್ತಾ ಇದೀರೋ, ಹೋಟ್ಲು ಶಿಫ್ಟ್ ಮಾಡ್ತಾ ಇದೀರೋ?"

ಆದರೂ ಸೆಪ್ಟೆಂಬರ್ ಎರಡನೇ ವಾರ ಅವನೇ ಗಾಡಿ ಹುಡುಕಿದ. ಹುಲ್ಲುಹಾಸು ಕತ್ತರಿಸುವ ಒಬ್ಬ ಕಂಟ್ರಾಕ್ಟರನ ಟ್ರಕ್ಕು. ಜನ ತಮ್ಮ ಹುಲ್ಲನ್ನು ತಾವೇ ಕತ್ತರಿಸಿಕೊಳ್ಳಲು ಶುರುಮಾಡಿದ್ದರಿಂದ ಅವನ ಕೆಲಸ ನಿಂತಿತ್ತು. ಹಿಂದೆ ಒಂದೊಂದು ಬದಿಗೆ ಎರಡೆರಡು ಟೈರು. ಬಣ್ಣ ಒಂದು ಕಾಲದಲ್ಲಿ ಬಿಳಿ. ಸೀಟು ಬೆಚ್ಚಗಾಗುವ ಸ್ವಿಚ್ ಇಲ್ಲ. ಸೀಟಿನ ಹೊದಿಕೆಯೇ ಅರ್ಧ ಇಲ್ಲ. ಶುರುಮಾಡಿದರೆ ಅಕ್ಕಿ ಗಿರಣಿಯ ಸದ್ದು. ಈ ಸಲ ನಾನು ಟೈರಿಗೆ ಒದೆಯಲಿಲ್ಲ. ನೇರವಾಗಿ ಬಾಗಿಲು ತೆರೆದು, ಕನ್ನಡಕ ಸರಿಮಾಡಿಕೊಂಡು, ಹಳದಿ ಚೀಟಿ ಓದಿದೆ. ಸಾಮಾನು ತುಂಬಿದ ಮೇಲೆ ಟ್ರೇಲರ್ ಬೆನ್ನಿಗೆ ಹಾಕುವ ಭಾರ ಎಷ್ಟು ಎಂದು ತೋಟದ ಒಡತಿ ನನಗೆ ಲೆಕ್ಕ ಹಾಕಿ ಬರೆದು ಕೊಟ್ಟಿದ್ದಳು. ಅದನ್ನೂ ಜೇಬಿನ ಚೀಟಿಯ ಮೊತ್ತವನ್ನೂ ಕೂಡಿದೆ. ರಬ್ಬರ್ ಗಿಡ ಸಮೇತ ಎಲ್ಲ ಹಿಡಿಯಿತು, ಇನ್ನೂ ಸ್ವಲ್ಪ ಉಳಿಯಿತು.

"ಇದು ಬೇಕು," ಎಂದೆ. ಭಾಯಿ ನನ್ನ ಮುಖವನ್ನೇ ನೋಡಿದ. ನಾನು ಅಷ್ಟು ಗಟ್ಟಿಯಾಗಿ ಮಾತನಾಡಿದ್ದನ್ನು ಅವನು ಕೇಳಿರಲಿಲ್ಲವಂತೆ.

ಫ್ಲೋರಲ್ ಪಾರ್ಕಿನ ನಮ್ಮ ಬೀದಿಯಲ್ಲಿ ಅದನ್ನು ನಿಲ್ಲಿಸಲು ಎರಡು ಕಾರಿನ ಜಾಗ ಬೇಕಾಗುತ್ತಿತ್ತು. ಬಾಗಿಲ ಮೇಲೆ ಹಳೆಯ ಒಡೆಯ ಬರೆಸಿದ್ದ 'ಹುಲ್ಲು ಕತ್ತರಿಸಲಾಗುವುದು, ಉಚಿತ ಅಂದಾಜು' ಎಂಬ ಇಂಗ್ಲಿಷ್ ಅಕ್ಷರಗಳು ಎಷ್ಟು ಉಜ್ಜಿದರೂ ಹೋಗಲಿಲ್ಲ. ಮೂರನೇ ದಿನ ಬೀದಿಯ ಕೊನೆಯ ಮನೆಯ ಇಟಾಲಿಯನ್ ಅಜ್ಜಿ ನನ್ನನ್ನು ತಡೆದು ನಿಲ್ಲಿಸಿ, ತನ್ನ ಹುಲ್ಲಿನ ಅಂದಾಜು ಕೇಳಿದಳು. ನಾನು ಆ ಕೆಲಸದವನಲ್ಲ ಎಂದು ಹೇಳಲು ಬಾಯಿ ತೆರೆದೆ. ಅವಳು ಆಗಲೇ ಗೇಟು ತೆರೆದು, ಗುಲಾಬಿ ಗಿಡಕ್ಕೆ ತಾಗದಂತೆ ಕತ್ತರಿಸಬೇಕು ಎಂದು ತೋರಿಸುತ್ತಿದ್ದಳು. ಹೀಗಾಗಿ ಆ ಭಾನುವಾರ ಪಕ್ಕದ ಮನೆಯವರ ಯಂತ್ರವನ್ನು ಕೇಳಿ ತಂದು ಅವಳ ಹುಲ್ಲು ಕತ್ತರಿಸಿದೆ. ಕಾಲೇಜು ಶುರುವಾದ ಮೇಲೂ ವಾರದ ಕೊನೆಗೆ ಮನೆಗೆ ಬರುತ್ತಿದ್ದ ಮಗಳು ಕಿಟಕಿಯಿಂದ ಫೋಟೋ ತೆಗೆದಳು. ಮುಂದಿನ ಭಾನುವಾರ ಇನ್ನೊಂದು ಮನೆಯವರು ಕರೆದರು. ಅವರಿಗೂ ಕತ್ತರಿಸಿದೆ. ಅವರು ಚೆನ್ನಾಗಿಲ್ಲ ಎಂದರು.

ಸೆಪ್ಟೆಂಬರಿನ ಕೊನೆಯ ಶನಿವಾರ ಟ್ರೇಲರ್ ತರಲು ಹೋದೆವು. ನಾನು ಟ್ರಕ್ಕನ್ನು ಹಿಂದಕ್ಕೆ ತೆಗೆಯುವುದು, ಅವರಿಬ್ಬರೂ ದಾರಿ ತೋರಿಸುವುದು.

"ಬರ್ಲಿ, ಬರ್ಲಿ, ಎಡಕ್ಕೆ, ಎಡಕ್ಕೆ!" ಎಂದ ಭಾಯಿ.

"ರೈಟ್, ಅಪ್ಪ, ಗೋ ರೈಟ್!" ಎಂದಳು ಮಗಳು.

"ಏಯ್, ನನ್ ಎಡ ಕಣಮ್ಮ, ಅವರ್ ಎಡ ಅಲ್ಲ!"

"ದೆನ್ ವೈ ಆರ್ ಯು ಟೆಲಿಂಗ್ ಹಿಮ್ ಯುವರ್ ಎಡ?"

ಏಳು ಸಲ ಹೋಗಿ ಬಂದು, ಒಂದು ಕುಂಬಳಕಾಯಿಯನ್ನು ಚಟ್ನಿ ಮಾಡಿ, ಎಂಟನೇ ಸಲಕ್ಕೆ ತಟ್ಟೆ ಕತ್ತಿನ ಕೆಳಗೆ ಸರಿಯಾಗಿ ಬಂತು. ಕೊಕ್ಕೆ ಟಕ್ ಎಂದಿತು. ಟ್ರೇಲರಿನ ಕತ್ತು ಇಳಿದು ಕುಳಿತಿತು. ಟ್ರಕ್ಕು ಕುಳಿತುಕೊಳ್ಳಲಿಲ್ಲ. ಒಂದೆರಡು ಅಂಗುಲ ತಗ್ಗಿ, ಭಾರ ಹೊತ್ತು ಅಭ್ಯಾಸವಿದ್ದವರಂತೆ ನಿಂತಿತು. ತೋಟದ ಒಡತಿ ಚಪ್ಪಾಳೆ ತಟ್ಟಿದಳು. ಚಟ್ನಿಯಾದ ಕುಂಬಳಕಾಯಿಗೆ ಏನೂ ಬೇಡ ಎಂದು ಇನ್ನೊಂದನ್ನು ಕೈಗೆ ಕೊಟ್ಟಳು. ನಾನು ಬೇಡ ಎನ್ನಲಿಲ್ಲ. ಬರುವ ದಾರಿಯಲ್ಲಿ, ಹೆದ್ದಾರಿಯ ಪಕ್ಕ ಲಾರಿಗಳು ನಿಲ್ಲುವಲ್ಲಿ ಒಂದು ದೊಡ್ಡ ತೂಕದ ಕಟ್ಟೆ ಇತ್ತು. ಟ್ರಕ್ಕು ಮತ್ತು ಟ್ರೇಲರ್ ಎರಡರ ಖಾಲಿ ತೂಕವನ್ನು ಅಲ್ಲಿ ಹಾಕಿಸಿಕೊಂಡೆವು. ನಾವು ಮೂವರೂ ಕೆಳಗೆ ಇಳಿದು ನಿಂತು, ಕುಂಬಳಕಾಯಿಯನ್ನೂ ಇಳಿಸಿಕೊಂಡೆವು. ಭಾಯಿಗೆ ಅಷ್ಟು ಶಿಸ್ತು ಎಲ್ಲಿಂದ ಬಂದಿತೋ ತಿಳಿಯದು.

ಟ್ರೇಲರನ್ನು ಭಾಯಿಯ ಅಂಗಡಿಯ ಹಿಂದಿನ ಖಾಲಿ ಜಾಗದಲ್ಲಿ ನಿಲ್ಲಿಸಿದೆವು. ಅಕ್ಟೋಬರಿನ ಎರಡು ವಾರ ಒಂದೊಂದಾಗಿ ಸಾಮಾನು ತುಂಬಿದೆ. ಗ್ರೈಂಡರ್ ಕಟ್ಟೆಯ ಮೇಲೆ ಗೇಣಿನಲ್ಲಿ ಅಳೆದ ಜಾಗದಲ್ಲೇ ಕುಳಿತಿತು. ಒರಳನ್ನು ಉರುಳದಂತೆ ಅಕ್ಕಿ ಮೂಟೆಗಳ ನಡುವೆ ಸಿಕ್ಕಿಸಿದೆ. ಸಾಹೇಬರ ಬಿದಿರನ್ನು ಬಚ್ಚಲಿನಲ್ಲಿ ನಿಲ್ಲಿಸಿದೆ. ಲಕೋಟೆಯಲ್ಲಿ ಒಂದೊಂದರ ಪಕ್ಕ ಒಂದು ಚುಕ್ಕೆ ಇಟ್ಟೆ. ಕೊನೆಯ ಚುಕ್ಕೆ ಇಟ್ಟ ಮೇಲೆ, ತೂಕ ಒಂದು ಸಲ ಹಾಕಿ ನೋಡದೆ ರಸ್ತೆಗೆ ಇಳಿಯಬೇಡಿ ಎಂದು ತೋಟದ ಒಡತಿ ಹೇಳಿದ್ದರಿಂದ, ಮತ್ತೆ ಅದೇ ಕಟ್ಟೆಗೆ ಹೋದೆವು. ಮಗಳು ಪಕ್ಕದ ಸೀಟಿಗೆ ಹತ್ತದೆ, ಹಿಂದಿನ ಸೀಟಿನಲ್ಲಿ ಗಿಡಗಳ ಸಂದಿಯಲ್ಲಿ ಕುಳಿತಿದ್ದಳು. ಭಾಯಿ ತನ್ನ ಕಾರಿನಲ್ಲಿ ಹಿಂದೆ ಬಂದ. ಈ ಸಲ ಮಗಳೂ ನಾನೂ ಗಾಡಿಯಿಂದ ಇಳಿಯಲಿಲ್ಲ. ಪ್ರಯಾಣದಲ್ಲಿ ಹೇಗಿರುತ್ತೇವೋ ಹಾಗೇ ತೂಗಿಸಬೇಕು ಎಂದು ಭಾಯಿ ಹೊರಗಿನಿಂದ ಅಪ್ಪಣೆ ಕೊಟ್ಟ.

ತೂಕದ ಚೀಟಿ ಬಂತು. ಟ್ರಕ್ಕು ಹೊರಬಹುದಾದ ಭಾರದ ಒಳಗೇ ಇತ್ತು. ಭಾಯಿ ನನ್ನನ್ನು ತಬ್ಬಿಕೊಂಡ. ಆಮೇಲೆ ಖಾಲಿ ತೂಕ ಕಳೆದು, ನಾವು ಮನೆಯಲ್ಲಿ ಕೂಡಿಟ್ಟಿದ್ದ ಮೊತ್ತದ ಜೊತೆ ತಾಳೆ ನೋಡಿ ಹುಬ್ಬು ಗಂಟಿಕ್ಕಿದ.

"ಅಣ್ಣಾ, ನಿಮ್ ಲೆಕ್ಕಕ್ಕಿಂತ ನೂರಾ ನಲವತ್ ಪೌಂಡ್ ಕಮ್ಮಿ ಬಂದೈತೆ. ಏನೋ ಮರ್ತಿದೀರಿ. ಒಂದ್ ಮೂಟೆ ಅಕ್ಕಿ ಬಿಟ್ಟಿದೀರಾ?"

ಇಲ್ಲ ಎಂದೆ. ಟ್ರೇಲರಿನ ಒಳಗೆ ಹೋಗಿ ಮೂಟೆ ಎಣಿಸಿದ. ಎರಡೂ ಇದ್ದವು. ಭರಣಿ ನಾಲ್ಕೂ ಇದ್ದವು. ಟ್ರಕ್ಕಿನಲ್ಲಿದ್ದವೂ ಸೇರಿ ಹನ್ನೊಂದು ಗಿಡಗಳೂ ಇದ್ದವು. ಬಾತ್‌ರೂಮ್ ತಕ್ಕಡಿ ನಂಬಬಾರದು ಎಂದ. ಮಗಳು ಸಾಮಾನಿನ ಕಾಗದವನ್ನು ಇನ್ನೊಮ್ಮೆ ಕೂಡಿದಳು. ಸರಿಯಾಗಿತ್ತು. ಆಮೇಲೆ ನನ್ನ ಮುಂದೆ ಕೈ ಚಾಚಿದಳು. ಜೇಬಿನಿಂದ ಆ ಮಡಚಿದ ಚೀಟಿ ತೆಗೆದುಕೊಟ್ಟೆ.

ಅವಳು ಅದನ್ನು ಬಿಡಿಸಿ ಓದಿದಳು. ಭಾಯಿ ಇಣುಕಲು ಬಂದಾಗಲೂ ಚೀಟಿಯನ್ನು ಮುಚ್ಚಿಕೊಳ್ಳಲಿಲ್ಲ.

"ಅಪ್ಪ," ಎಂದಳು, "ಇದ್ರಲ್ಲಿ ಮೂರು ಜನ ಇದಾರೆ."

ನಾನು ನೋಡಿದೆ. ಮೊದಲ ಸಾಲು ನನ್ನ ತೂಕ, ಕೊನೆಯದು ಅವಳದು, ನಡುವೆ ನೂರ ಮೂವತ್ತೆಂಟು ಎಂದು ನನ್ನ ಕೈಬರಹದಲ್ಲೇ ಇತ್ತು. ಬಚ್ಚಲಿನ ಕಪಾಟಿನ ಬಾಗಿಲ ಒಳಗೆ ಅವಳ ಅಮ್ಮ ಭಾನುವಾರ ಭಾನುವಾರ ತನ್ನ ತೂಕವನ್ನು ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದಳು. ಜೂನಿನಲ್ಲಿ ಅವಳು ಬರೆದ ಕೊನೆಯ ಅಂಕಿ ಅದು. ಅಲ್ಲಿಂದ ನೋಡಿ ಬರೆದಿರಬೇಕು. ಬರೆದದ್ದು ನನಗೆ ನೆನಪಿಲ್ಲ.

ಲಾರಿಗಳ ಕಟ್ಟೆ ಇಪ್ಪತ್ತಿಪ್ಪತ್ತು ಪೌಂಡಿನ ಲೆಕ್ಕದಲ್ಲೇ ತೂಕ ಹೇಳುವುದು, ಒಂದೆರಡು ಪೌಂಡ್ ಆಚೀಚೆ ಆಗುತ್ತದೆ ಎಂದು ಭಾಯಿ ಮೆಲ್ಲನೆ ಹೇಳಿ, ತನ್ನ ಕಾರಿನ ಕಡೆ ಹೋದ. ಹಿಂದೆ ಕಾಯುತ್ತಿದ್ದ ಲಾರಿಯವನು ಹಾರ್ನ್ ಹೊಡೆದ. ಮಗಳು ಮುಂದಿನ ಸೀಟಿಗೆ ಬಂದು ಬೆಲ್ಟ್ ಹಾಕಿಕೊಂಡಳು. ನಾನು ಟ್ರಕ್ಕು ಶುರುಮಾಡಿ ಕಟ್ಟೆಯಿಂದ ಇಳಿಸಿದೆ. ಅದು ಯಾವ ತೊಂದರೆಯೂ ಇಲ್ಲದೆ ಎಳೆಯಿತು.

ಆಮೇಲೆ ಎಷ್ಟೋ ಊರು ತಿರುಗಿದ್ದೇವೆ, ಎಷ್ಟೋ ಸಲ ತೂಕ ಹಾಕಿಸಿದ್ದೇವೆ. ನೂರ ಮೂವತ್ತೆಂಟು ಪೌಂಡ್ ಇವತ್ತಿಗೂ ಕಡಿಮೆ ಇದೆ.